ಬರೆದುಕೊಂಡು ಹೋದದ್ದನ್ನು ನಮಗೂ ಓದಿ ಹೇಳಿ

ಮಾನ್ಯ ಕುಲಪತಿಗಳೇ,

ನಮಸ್ಕಾರ. ನಾನು ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಹಳ್ಳಿಗಳಿಗೆ ಆರೋಗ್ಯದ ಸರ್ವೆ ಮಾಡಲು ವಿದ್ಯಾರ್ಥಿಗಳನ್ನು ಕಳಿಸುವ ಎಲ್ಲಾ ವಿಶ್ವವಿದ್ಯಾಲಯಗಳ ಕುಲಪತಿಗಳಿಗೂ ಈ ಪತ್ರ. ಒಬ್ಬರಿಗೆ ಬರೆದರೆ ಇನ್ನೊಬ್ಬರು ತಮಗಲ್ಲ ಅಂದುಕೊಳ್ಳಬಹುದು. ಅದಕ್ಕೇ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಒಂದು ಪ್ರಶ್ನೆಯಿಂದ ಶುರು ಮಾಡುತ್ತೇನೆ. ಪ್ರಶ್ನೆ ನನ್ನದಲ್ಲ, ನಮ್ಮೂರಿನ ಒಬ್ಬ ಅಜ್ಜಿಯದು. ಆಕೆಯ ಮೊಣಕಾಲು ಒಳಕ್ಕೆ ಬಾಗಿವೆ. ಬೆನ್ನು ಬಿಗಿದುಕೊಂಡಿದೆ. ಕತ್ತು ತಿರುಗಿಸಬೇಕೆಂದರೆ ಇಡೀ ಮೈ ತಿರುಗಿಸುತ್ತಾಳೆ. ಹೋದ ತಿಂಗಳು ಅಂಗಡಿ ಕಟ್ಟೆಯ ಹತ್ತಿರ ಸಿಕ್ಕಾಗ ಕೇಳಿದಳು: "ಅಲ್ರೀ ಸರ, ಆ ಕಾಲೇಜ್ ಹುಡುಗ್ರು ಬಂದು ಬರಕೊಂಡು ಹೋದ್ರಲ್ಲ, ಅದರಾಗ ಏನ್ ಬಂತ್ರೀ?"

ನನ್ನ ಹತ್ತಿರ ಉತ್ತರ ಇರಲಿಲ್ಲ. "ಗೊತ್ತಿಲ್ಲಮ್ಮ, ಕೇಳಿ ಹೇಳ್ತೀನಿ" ಅಂದೆ. ಕೇಳಿದೆ. ಎರಡು ಸಲ ಫೋನ್ ಮಾಡಿದೆ, ಒಂದು ಸಲ ಕಾಗದ ಬರೆದೆ. ಬ್ಯಾಚ್ ಮುಗಿದು ಹೋಗಿದೆ ಸರ್, ಪ್ರಾಜೆಕ್ಟ್ ಬೈಂಡ್ ಮಾಡಿಸಿ ಕೊಟ್ಟಿದ್ದಾರೆ, ಲೈಬ್ರರಿಯಲ್ಲಿ ಇರಬಹುದು ಅಂದರು. ಅಷ್ಟೇ. ಬಂದವರು ಯಾವ ವಿಶ್ವವಿದ್ಯಾಲಯದವರು ಅಂತ ಇಲ್ಲಿ ಬರೆಯುವುದಿಲ್ಲ. ಯಾರನ್ನೋ ತಪ್ಪಿತಸ್ಥರ ಸಾಲಿನಲ್ಲಿ ನಿಲ್ಲಿಸುವುದು ನನಗೆ ಬೇಕಾಗಿಲ್ಲ. ಅಕ್ಕಪಕ್ಕದ ಊರಿನ ಮಾಸ್ತರರನ್ನು ಕೇಳಿದರೆ ಅವರೂ ಇದೇ ಕಥೆ ಹೇಳುತ್ತಾರೆ. ತಂಡ ಬೇರೆ, ವರ್ಷ ಬೇರೆ, ಫಾರ್ಮ್ ಬೇರೆ. ವರದಿ ಮಾತ್ರ ಯಾವ ಊರಿಗೂ ವಾಪಸ್ ಬಂದಿಲ್ಲ.

ಎರಡು ವರ್ಷದ ಹಿಂದೆ ಯುಗಾದಿ ಆದ ಹೊಸದರಲ್ಲಿ ಆ ತಂಡ ಬಂದಿತ್ತು. ಹದಿನಾಲ್ಕು ಹುಡುಗ ಹುಡುಗಿಯರು, ಜೊತೆಗೆ ಒಬ್ಬ ಮೇಡಂ. ಒಳ್ಳೆಯ ಮಕ್ಕಳು. ಬಿಸಿಲಲ್ಲಿ ಮನೆಮನೆ ತಿರುಗಿದರು. ಅವರಿಗೆ ಶಾಲೆಯ ಒಂದು ಕೋಣೆ ತೆಗೆದುಕೊಟ್ಟಿದ್ದೆ. ಮಧ್ಯಾಹ್ನ ನಮ್ಮ ಬಿಸಿಯೂಟದ ಅಕ್ಕಂದಿರೇ ಅವರಿಗೂ ಅನ್ನ ಸಾರು ಮಾಡಿ ಹಾಕಿದರು. ವಿಷಯ ಫ್ಲೋರೈಡ್ (ಬೋರಿನ ನೀರಲ್ಲಿ ಕರಗಿರುವ, ಹೆಚ್ಚಾದರೆ ಹಲ್ಲು, ಮೂಳೆ ಕೆಡಿಸುವ ವಸ್ತು) ಮತ್ತು ರಕ್ತಹೀನತೆ. ನಮ್ಮ ತಾಲ್ಲೂಕಿಗೆ ಇದಕ್ಕಿಂತ ಹತ್ತಿರದ ವಿಷಯ ಇನ್ನೊಂದಿಲ್ಲ. ನನಗೆ ಖುಷಿಯಾಗಿತ್ತು.

ಮೊದಲ ದಿನವೇ ಒಂದು ತೊಂದರೆ ಕಂಡಿತು. ಮೂರು ಮನೆಗೆ ಒಂದು ಮನೆ ಬೀಗ. ಸುಗ್ಗಿ ಮುಗಿಸಿ, ಹಬ್ಬ ಮಾಡಿ, ಜನ ಗುಳೆ ಹೋಗಿದ್ದರು. ಮಂಗಳೂರು, ಬೆಂಗಳೂರು, ಗೋವಾ. ಗಂಡ, ಹೆಂಡತಿ, ಕೈಕೂಸು, ಎಲ್ಲರೂ. ಊರಲ್ಲಿ ಉಳಿದ ಹೆಣ್ಣುಮಕ್ಕಳು ಖಾತ್ರಿ ಕೆಲಸಕ್ಕೆ ಹೋಗಿದ್ದರು. ಹನ್ನೊಂದು ಗಂಟೆಗೆ ಮನೆಯಲ್ಲಿ ಸಿಕ್ಕವರು ಮುದುಕರು, ಬಾಣಂತಿಯರು ಮತ್ತು ದುಡಿಯಲು ಹೋಗದೇ ನಡೆಯುವಂಥ ಮನೆಯವರು. ಬೀಗ ಹಾಕಿದ ಮನೆ ಬಿಟ್ಟು ಮುಂದಿನ ಮನೆಗೆ ಹೋಗಿ ಅಂತ ಹೇಳಿ ಕಳಿಸಿದ್ದರಂತೆ. ಹಾಗೇ ಮಾಡಿದರು. ಅಂದರೆ ಊರಲ್ಲಿ ಯಾರ ಮಕ್ಕಳು ಜಾಸ್ತಿ ಸೊರಗಿದ್ದಾರೋ, ಯಾವ ತಾಯಂದಿರಿಗೆ ರಕ್ತ ಕಡಿಮೆ ಇದೆಯೋ, ಅವರ ಮನೆಗಳೇ ಲೆಕ್ಕದಿಂದ ಹೊರಗೆ ಉಳಿದವು. ನಮ್ಮ ಆಶಾ ಕಾರ್ಯಕರ್ತೆಯನ್ನು ಒಂದು ಮಾತು ಕೇಳಿದ್ದರೆ ಆಕೆ ಹೇಳುತ್ತಿದ್ದಳು. ಯಾವ ಮನೆಯವರು ಯಾವ ತಿಂಗಳು ಎಲ್ಲಿರುತ್ತಾರೆ ಅನ್ನುವುದು ಆಕೆಗೆ ಬಾಯಿಪಾಠ.

ಫಾರ್ಮಿನ ಬಗ್ಗೆ ಹೇಳಲೇಬೇಕು. ನಾಲ್ಕು ಪುಟ ಇತ್ತು. ಎರಡನೇ ಪುಟದಲ್ಲಿ ಒಂದು ಪ್ರಶ್ನೆ: ಕುಡಿಯುವ ನೀರಿನ ಮೂಲ ಯಾವುದು? ಕೆಳಗೆ ಐದು ಚೌಕ. ನಲ್ಲಿ, ಬೋರ್‌ವೆಲ್, ಬಾವಿ, ಶುದ್ಧ ನೀರಿನ ಘಟಕ, ಇತರೆ. ಒಂದಕ್ಕೆ ಮಾತ್ರ ಟಿಕ್ ಹಾಕಬೇಕು.

ನಮ್ಮೂರಲ್ಲಿ ಯಾರನ್ನೇ ಕೇಳಿದರೂ "ಫಿಲ್ಟರ್ ನೀರು" ಅನ್ನುತ್ತಾರೆ. ಸುಳ್ಳಲ್ಲ. ಐದು ರೂಪಾಯಿ ನಾಣ್ಯ ಹಾಕಿ ಇಪ್ಪತ್ತು ಲೀಟರ್ ಕ್ಯಾನು ತರುತ್ತಾರೆ. ಆದರೆ ಅನ್ನ, ಬೇಳೆ, ಚಹಾ ಎಲ್ಲಾ ಬೋರಿನ ನೀರಲ್ಲಿ. ಹೊಲಕ್ಕೆ ಹೋದರೆ ಹೊಲದ ಬೋರು. ಘಟಕ ಕೆಟ್ಟರೆ ರಿಪೇರಿ ಆಗುವ ತನಕ ಮತ್ತೆ ಅದೇ ಬೋರು. ಮಗು ದಿನಕ್ಕೆ ಎಷ್ಟು ಸಲ ಯಾವ ನೀರು ಕುಡಿಯಿತು ಅಂತ ಕೇಳಿದರೆ ಮಾತ್ರ ನಿಜ ಹೊರಗೆ ಬರುತ್ತದೆ. ಒಂದು ಟಿಕ್ಕಿನಲ್ಲಿ ಬರುವುದಿಲ್ಲ.

ಇದನ್ನು ಆ ತಂಡದ ಒಬ್ಬ ಹುಡುಗಿ ಎರಡನೇ ಮನೆಯಲ್ಲೇ ಗಮನಿಸಿದಳು. ಆಕೆ ನಮ್ಮ ಶಾಲೆಯಲ್ಲೇ ಓದಿದವಳು, ಪಕ್ಕದ ಊರಿನವಳು. ಆಕೆಯ ಮುಂದಿನ ಹಲ್ಲುಗಳ ಮೇಲೂ ಕಂದು ಪಟ್ಟಿ ಇವೆ. ಫಾರ್ಮಿನ ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣಗೆ ಬರೆಯತೊಡಗಿದಳು: "ಅಡುಗೆಗೆ ಬೋರು. ಹೊಲದಲ್ಲಿ ಬೋರು. ಘಟಕ ಕೆಟ್ಟು 20 ದಿನ." ಪ್ರತಿ ಫಾರ್ಮಿನ ಅಂಚಿನಲ್ಲೂ ಹೀಗೆ. ಸಂಜೆ ಶಾಲೆಯ ಕೋಣೆಯಲ್ಲಿ ಫಾರ್ಮ್ ಎಣಿಸುವಾಗ ಮೇಡಂ ನೋಡಿದರು. ಇದನ್ನೆಲ್ಲಾ ಕಂಪ್ಯೂಟರಿಗೆ ಹಾಕಲು ಬರುವುದಿಲ್ಲಮ್ಮ, ಸುಮ್ನೆ ಒಂದಕ್ಕೆ ಟಿಕ್ ಹಾಕು ಅಂದರು. ಹುಡುಗಿ ರಬ್ಬರು ತೆಗೆದುಕೊಂಡು ಒಂದೊಂದೇ ಅಳಿಸಿದಳು. ನಾನು ಅಲ್ಲೇ ಕೂತಿದ್ದೆ. ಏನೂ ಮಾತಾಡಲಿಲ್ಲ. ಆವತ್ತು ಮಾತಾಡಬೇಕಿತ್ತು ಅಂತ ಈಗಲೂ ಅನಿಸುತ್ತದೆ.

ಕುಲಪತಿಗಳೇ, ಆ ಪೆನ್ಸಿಲಿನ ಸಾಲುಗಳೇ ಸಂಶೋಧನೆಯಾಗಿದ್ದವು. ನಾಲ್ಕು ಪುಟದ ಫಾರ್ಮಿಗಿಂತ ಅದರ ಅಂಚು ಜಾಸ್ತಿ ಹೇಳುತ್ತಿತ್ತು. ಆ ನೀರು ಕುಡಿದು ಬೆಳೆದವಳಿಗೆ ಏನು ಕೇಳಬೇಕು ಅಂತ ಗೊತ್ತಿತ್ತು. ಆದರೆ ಆಕೆಯನ್ನು ಕರೆತಂದದ್ದು ಫಾರ್ಮ್ ತುಂಬಿಸುವುದಕ್ಕೆ. ಪ್ರಶ್ನೆ ಕೇಳುವ ಹಕ್ಕು ಆಕೆಗೆ ಇರಲಿಲ್ಲ.

ಇನ್ನೆರಡು ಸಂಗತಿ ಬೇಗ ಹೇಳಿಬಿಡುತ್ತೇನೆ. ಒಬ್ಬ ಹುಡುಗ ಹನ್ನೆರಡು ವರ್ಷದ ಬಾಲಕನ ಹಲ್ಲಿನ ಕಲೆ ನೋಡಿ "ತಂಬಾಕು ಬಳಕೆ: ಹೌದು" ಅಂತ ಗುರುತು ಹಾಕಿದ್ದ. ಆ ಬಾಲಕನ ತಾಯಿಗೆ ಓದಲು ಬರುತ್ತದೆ. ನೋಡಿ ಅತ್ತಳು. ಹುಡುಗ ಕೆಟ್ಟವನಲ್ಲ, ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ ಅಷ್ಟೇ. ಇನ್ನೊಂದು, ಒಪ್ಪಿಗೆ ಪತ್ರ. ನಾನು ಮೊದಲು ಹೇಳಿದ ಅಜ್ಜಿ ಅದಕ್ಕೆ ಹೆಬ್ಬೆಟ್ಟು ಒತ್ತಿದಳು. ಏನು ಬರೆದಿದೆ ಅಂತ ಆಕೆಗೆ ಯಾರೂ ಓದಿ ಹೇಳಲಿಲ್ಲ. ನಿಂತು ಹೋಗಿದ್ದ ಪಿಂಚಣಿ ಮತ್ತೆ ಶುರು ಮಾಡಲು ಬಂದಿದ್ದಾರೆ ಅಂತ ಆಕೆ ತಿಳಿದಿದ್ದಳು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರಲ್ಲಿ ಹೊರಡಿಸಿದ ನೈತಿಕ ಮಾರ್ಗಸೂಚಿ ನಿಮ್ಮ ಎಲ್ಲಾ ವಿಭಾಗಗಳಲ್ಲೂ ಇದ್ದೇ ಇರುತ್ತದೆ. ಭಾಗವಹಿಸುವವರಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಿ ಒಪ್ಪಿಗೆ ಪಡೆಯಬೇಕು, ಸಂಶೋಧನೆಯ ಫಲಿತಾಂಶ ಜನರ ಮುಂದೆ ಬರಬೇಕು ಅಂತ ಅದರಲ್ಲೇ ಇದೆ. ಹೊಸ ನಿಯಮ ಮಾಡಿ ಅಂತ ನಾನು ಕೇಳುತ್ತಿಲ್ಲ. ಇರುವುದು ನಮ್ಮೂರಿನ ತನಕ ಬರಲಿ.

ವರದಿ ವಾಪಸ್ ಬಂದರೆ ಏನಾಗುತ್ತದೆ ಅಂತ ಯಾರಾದರೂ ಕೇಳಬಹುದು. ಫ್ಲೋರೈಡ್ ಇದೆ ಅನ್ನುವುದು ಗೊತ್ತಿರುವ ವಿಷಯ ಅಲ್ವಾ? ಹೌದು, ಗೊತ್ತಿದೆ. ಈ ದೇಶದಲ್ಲಿ ಫ್ಲೋರೈಡಿನಿಂದ ಮೂಳೆ ಕೆಡುವುದನ್ನು ವೈದ್ಯರು ವರದಿ ಮಾಡಿದ್ದು 1937ರಲ್ಲಿ, ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರಿನ ಕಡೆ. ಆಗ ಬಳ್ಳಾರಿಯೂ ಅದೇ ಪ್ರಾಂತ್ಯದಲ್ಲಿತ್ತು. ಕೊಪ್ಪಳ, ರಾಯಚೂರು ನಿಜಾಮರ ಕೈಯಲ್ಲಿದ್ದವು. 2008-09ರಲ್ಲಿ ಕೇಂದ್ರ ಸರ್ಕಾರ ಫ್ಲೋರೈಡಿನಿಂದ ಬರುವ ಈ ಕಾಯಿಲೆಯ (ಫ್ಲೋರೋಸಿಸ್) ತಡೆಗೆ ರಾಷ್ಟ್ರೀಯ ಕಾರ್ಯಕ್ರಮವನ್ನೇ ಶುರು ಮಾಡಿತು. ನಮ್ಮ ಕೆಳಗಿರುವುದು ಗ್ರಾನೈಟ್ ಬಂಡೆ. ಅದರೊಳಗಿನ ಖನಿಜದಿಂದ ಫ್ಲೋರೈಡ್ ಕರಗಿ ನೀರಿಗೆ ಬರುತ್ತದೆ. ಮಳೆ ಕಮ್ಮಿ ಆದಷ್ಟೂ ಬೋರು ಆಳಕ್ಕೆ ಹೋಗುತ್ತದೆ. ಆಳದ ನೀರು ಬಂಡೆಯ ಜೊತೆ ಬಹಳ ಕಾಲ ಇದ್ದು ಬಂದದ್ದು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಸೈ ಅಂತ ಭಾರತೀಯ ಮಾನದಂಡ ಹೇಳುತ್ತದೆ.

ಇಷ್ಟೆಲ್ಲಾ ಪುಸ್ತಕದಲ್ಲಿದೆ. ಇಲ್ಲದೇ ಇರುವುದು ನಮ್ಮೂರಿನ ಯಾವ ಬೋರಿನಲ್ಲಿ ಎಷ್ಟಿದೆ ಅನ್ನುವುದು. ಒಂದೇ ಊರಲ್ಲಿ ಎರಡು ಬೋರಿನ ನಡುವೆ ಅಜಗಜಾಂತರ ಇರುತ್ತದೆ. ಹಲ್ಲಿನ ಮೇಲ್ಪದರ ಕೆಡುವುದು ಅದು ದವಡೆಯೊಳಗೆ ರೂಪುಗೊಳ್ಳುವ ಹೊತ್ತಿನಲ್ಲಿ, ಸುಮಾರು ಎಂಟು ವರ್ಷದೊಳಗೆ. ಒಮ್ಮೆ ಕೆಟ್ಟರೆ ಉಜ್ಜಿದರೆ ಹೋಗುವುದಿಲ್ಲ. ಎಂಟು ವರ್ಷದ ಅವಕಾಶ ಅದು. ನಿಮ್ಮ ವರದಿ ಲೈಬ್ರರಿಯಲ್ಲಿ ಎರಡು ವರ್ಷ ಕೂತರೆ ಒಂದು ಕೂಸಿನ ಅವಕಾಶದಲ್ಲಿ ಎರಡು ವರ್ಷ ಹೋಯಿತು. ಇದು ನನಗೆ ರಾತ್ರಿ ನಿದ್ದೆ ಕೆಡಿಸುವ ಲೆಕ್ಕ.

ಊರಲ್ಲಿ ತಪ್ಪು ತಿಳಿವಳಿಕೆಯೂ ಬೇಕಾದಷ್ಟಿದೆ. ನೀರು ಕುದಿಸಿದರೆ ಫ್ಲೋರೈಡ್ ಹೋಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಹೋಗುವುದಿಲ್ಲ. ನೀರು ಆವಿಯಾಗಿ ಉಳಿದ ನೀರಲ್ಲಿ ಅದು ಇನ್ನೂ ಹೆಚ್ಚುತ್ತದೆ. ಮಕ್ಕಳಿಗೆ ಕುದಿಸಿದ ನೀರೇ ಕೊಡುತ್ತೇನೆ ಅಂತ ಹೆಮ್ಮೆಯಿಂದ ಹೇಳುವ ತಾಯಿಗೆ ಇದನ್ನು ಹೇಳುವವರು ಯಾರು? ನಿಮ್ಮ ವಿದ್ಯಾರ್ಥಿ ಆಕೆಯ ಮನೆಯ ಕಟ್ಟೆಯ ಮೇಲೆ ಅರ್ಧ ಗಂಟೆ ಕೂತಿದ್ದ. ಆಕೆ ಹೇಳಿದ್ದನ್ನು ಬರೆದುಕೊಂಡ. ಎದ್ದು ಹೋದ.

ಹೋದ ವರ್ಷ ನಾವೇ ಒಂದು ಸಣ್ಣ ಪ್ರಯತ್ನ ಮಾಡಿದೆವು. ಜಲ ಜೀವನ್ ಮಿಷನ್ ಅಡಿಯಲ್ಲಿ ಪ್ರತಿ ಊರಿನ ಐದು ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆ ಕಲಿಸಬೇಕು ಅಂತ ಇದೆ. ನಮ್ಮ ಪಂಚಾಯ್ತಿಯ ಕಪಾಟಿನಲ್ಲಿ ಕಿಟ್ ಇತ್ತು. ಪಿಡಿಒ ಅವರನ್ನು ಕೇಳಿ ತಂದೆ. ಒಂಬತ್ತನೇ ತರಗತಿಯ ಮಕ್ಕಳು, ಜೊತೆಗೆ ಸ್ವಸಹಾಯ ಸಂಘದ ಇಬ್ಬರು ಅಕ್ಕಂದಿರು. ಎಂಟು ಬೋರುಗಳ ನೀರನ್ನು ಎಂಟು ಬಾಟಲಿಯಲ್ಲಿ ತಂದು ಶಾಲೆಯ ಬೆಂಚಿನ ಮೇಲೆ ಸಾಲಾಗಿ ಇಟ್ಟರು. ಪ್ರತಿ ಬಾಟಲಿಯ ಮೇಲೆ ಚೀಟಿ: ಹನುಮಪ್ಪನ ಗುಡಿ ಬೋರು, ಹರಿಜನ ಕೇರಿ ಬೋರು, ಅಂಗನವಾಡಿ ಬೋರು. ದ್ರಾವಣದ ಹನಿ ಹಾಕಿದಾಗ ನೀರು ಗುಲಾಬಿ ಬಣ್ಣಕ್ಕೆ ಬರುತ್ತದೆ. ಫ್ಲೋರೈಡ್ ಹೆಚ್ಚಿದ್ದಷ್ಟೂ ಹಳದಿಗೆ ತಿರುಗುತ್ತದೆ. ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಗುಡಿಯ ಬೋರು ಗುಲಾಬಿಯಲ್ಲೇ ನಿಂತಿತು. ಅಂಗನವಾಡಿಯದು ನೋಡನೋಡುತ್ತಾ ಹಳದಿಯಾಯಿತು. ಒಬ್ಬ ಹುಡುಗಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಸರ, ನಮ್ಮ ತಮ್ಮ ಅಲ್ಲೇ ಕುಡೀತಾನ."

ಮಕ್ಕಳು ಎಂಟು ಬೋರಿನ ಹೆಸರು, ಪಕ್ಕದಲ್ಲಿ ಬಣ್ಣ, ಶಾಲೆಯ ಹೊರಗೋಡೆಯ ಮೇಲೆ ಬರೆದರು. ಡಂಗುರ ಸಾರುವುದೇ ಬೇಕಾಗಲಿಲ್ಲ. ಸಂಜೆಯೊಳಗೆ ಊರಿಗೆಲ್ಲಾ ಗೊತ್ತಾಯಿತು. ಅಂಗನವಾಡಿಗೆ ಕ್ಯಾನು ನೀರು ತರಿಸುವ ಏರ್ಪಾಡು ಒಂದೇ ವಾರದಲ್ಲಿ ಆಯಿತು. ಕೆಲವು ಮನೆಯವರು ಅಡುಗೆಗೂ ಗುಡಿಯ ಬೋರಿನಿಂದ ತರತೊಡಗಿದರು. ಎಲ್ಲರೂ ಅಲ್ಲ. ಕೆಳಗಿನ ಓಣಿಯವರಿಗೆ ಅದು ದೂರ, ಎರಡು ಕೊಡ ಹೊತ್ತು ಏರು ಹತ್ತಬೇಕು. ಕೇರಿಯವರಿಗೆ ಗುಡಿಯ ಹತ್ತಿರ ಹೋಗಿ ನೀರು ಹಿಡಿಯುವುದೇ ಇನ್ನೊಂದು ಕಷ್ಟ, ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಿಟ್ಟಿನ ಬಣ್ಣ ಸರಿಯಾದ ಅಳತೆಯೂ ಅಲ್ಲ, ಅಂದಾಜು ಮಾತ್ರ. ಪ್ರಯೋಗಾಲಯದಲ್ಲಿ ಅಳೆಯಬೇಕು, ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲದ ನಂತರ ಒಮ್ಮೆ. ಅದಕ್ಕೆ ನೀವು ಬೇಕು. ನಮ್ಮ ಒಂಬತ್ತನೇ ತರಗತಿಯ ಮಕ್ಕಳು ಶುರು ಮಾಡಬಹುದು, ಮುಗಿಸಲು ಆಗುವುದಿಲ್ಲ.

ವಿಶ್ವವಿದ್ಯಾಲಯದ ಅಧ್ಯಯನದಿಂದ ನಮ್ಮ ಮಕ್ಕಳಿಗೆ ಒಳ್ಳೆಯದಾದ ಒಂದು ಉದಾಹರಣೆ ಕಣ್ಣ ಮುಂದೆಯೇ ಇದೆ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಕೊಡಲು ಶುರು ಮಾಡಿದರು. ಪರ ವಿರೋಧ ಎಷ್ಟು ಗಲಾಟೆ ಆಯಿತು ಅಂತ ನಿಮಗೆ ನೆನಪಿರಬಹುದು. ಆಗ ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದವರು ಮೊಟ್ಟೆ ಸಿಗುತ್ತಿದ್ದ ಯಾದಗಿರಿಯ ಮಕ್ಕಳನ್ನೂ, ಸಿಗದ ಗದಗದ ಮಕ್ಕಳನ್ನೂ ತೂಕ ಮಾಡಿ ಹೋಲಿಸಿದರು. ಯಾದಗಿರಿಯ ಮಕ್ಕಳು ಹೆಚ್ಚು ತೂಕ ಪಡೆದಿದ್ದರು. ಮುಂದಿನ ಶಾಲಾ ವರ್ಷದಲ್ಲಿ ಮೊಟ್ಟೆ ರಾಜ್ಯಕ್ಕೆಲ್ಲಾ ಬಂತು. ಅಂಥಾ ದೊಡ್ಡ ಯಂತ್ರ ಬೇಕಾಗಿರಲಿಲ್ಲ. ತಕ್ಕಡಿ ಬೇಕಿತ್ತು, ಸರಿಯಾದ ಪ್ರಶ್ನೆ ಬೇಕಿತ್ತು, ಉತ್ತರವನ್ನು ತಲುಪಬೇಕಾದ ಕಡೆ ತಲುಪಿಸುವ ಮನಸ್ಸು ಬೇಕಿತ್ತು.

ನಮ್ಮ ಭಾಗದಲ್ಲಿ ಹೀಗೆ ಕೇಳಬೇಕಾದ ಪ್ರಶ್ನೆಗೆ ಬರವಿಲ್ಲ. 2022ರ ಬೇಸಿಗೆಯ ಕೊನೆಗೆ ರಾಯಚೂರು ನಗರದಲ್ಲಿ ನಲ್ಲಿಯ ಕೆಟ್ಟ ನೀರು ಕುಡಿದು ಜನ ಸತ್ತರು. ಕೊಪ್ಪಳದ ಸುತ್ತ ಕಾರ್ಖಾನೆಗಳ ಕಪ್ಪು ಧೂಳು ಹೊಲದ ಬೆಳೆಯ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ ಕೂರುತ್ತದೆ. 2025ರ ಫೆಬ್ರವರಿ 24ರಂದು ಕೊಪ್ಪಳ ಬಂದ್ ಆಯಿತು, ಗವಿಮಠದ ಸ್ವಾಮೀಜಿಯವರೂ ಬೀದಿಗೆ ಬಂದರು. ಆ ಧೂಳು ಎಷ್ಟು, ಅದನ್ನು ಉಸಿರಾಡುವ ಊರುಗಳಲ್ಲಿ ಮಕ್ಕಳ ಕೆಮ್ಮು ಎಷ್ಟು ಅನ್ನುವುದನ್ನು ಜನರ ಪರವಾಗಿ ಕೂತು ಲೆಕ್ಕ ಹಾಕುವವರು ಬೇಕು. ಸಣ್ಣ ಕಣದ ಧೂಳು, ಪಿಎಂ 2.5 ಅನ್ನುತ್ತಾರಲ್ಲ ಅದು, ವರ್ಷದ ಸರಾಸರಿಯಲ್ಲಿ ಘನ ಮೀಟರಿಗೆ 40 ಮೈಕ್ರೋಗ್ರಾಂ ದಾಟಬಾರದು ಅಂತ ದೇಶದ ಮಾನದಂಡ ಇದೆ. ಹತ್ತು ಊರಿನಲ್ಲಿ ಹತ್ತು ವಿದ್ಯಾರ್ಥಿಗಳು ಒಂದು ವರ್ಷ ಅಳತೆ ಇಟ್ಟರೆ ಸಾಕು, ಕಂಪನಿ ಹೇಳಿದ್ದು ಸರಿಯೋ ಜನ ಹೇಳಿದ್ದು ಸರಿಯೋ ತಿಳಿಯುತ್ತದೆ. ಇನ್ನು ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಮಂದಿಗೆ ರಕ್ತ ಕಡಿಮೆ. ನನ್ನ ತರಗತಿಯಲ್ಲಿ ಪ್ರಾರ್ಥನೆಯ ಹೊತ್ತಿಗೆ ತಲೆಸುತ್ತಿ ಕೂರುವ ಹುಡುಗಿಯರನ್ನು ನೋಡಿದರೆ ಆ ಅಂಕಿ ನನಗೆ ಮುಖಗಳಾಗಿ ಕಾಣುತ್ತದೆ. ವಾರಕ್ಕೊಂದು ಕಬ್ಬಿಣಾಂಶದ ನೀಲಿ ಮಾತ್ರೆ ಕೊಡುತ್ತೇವೆ. ಅದನ್ನು ಎಷ್ಟು ಹುಡುಗಿಯರು ನುಂಗುತ್ತಾರೆ, ಎಷ್ಟು ಹುಡುಗಿಯರು ಕಿಟಕಿಯಿಂದ ಎಸೆಯುತ್ತಾರೆ, ಎಸೆಯುವುದು ಯಾಕೆ? ಗಂಡು ಮಾಸ್ತರನಾದ ನನಗೆ ಅವರು ಹೇಳುವುದಿಲ್ಲ. ಎಂ.ಎ. ಓದುವ ಒಬ್ಬ ಅಕ್ಕ ಬಂದು ಕೂತರೆ ಹೇಳುತ್ತಾರೆ.

ರಾಯಚೂರಿಗೆ ಏಮ್ಸ್ ಬೇಕು ಅಂತ 2022ರ ಮೇ 13ರಿಂದ ಧರಣಿ ಕೂತವರು ಸಾವಿರ ದಿನ ದಾಟಿಸಿದರು. ಅವರ ಹೋರಾಟಕ್ಕೆ ನನ್ನ ಪೂರ್ತಿ ಬೆಂಬಲ ಇದೆ. ದೊಡ್ಡ ಆಸ್ಪತ್ರೆ ಬರಲೇಬೇಕು. ಆದರೆ ನಾನು ನಿಮ್ಮನ್ನು ಕೇಳುತ್ತಿರುವುದಕ್ಕೆ ಕಟ್ಟಡ ಬೇಕಿಲ್ಲ, ಕೇಂದ್ರದ ಮಂಜೂರಾತಿ ಬೇಕಿಲ್ಲ.

ಕೇಳುವುದು ಇಷ್ಟು. ವಿದ್ಯಾರ್ಥಿ ಯಾವ ಊರಿನಿಂದ ಮಾಹಿತಿ ತಂದನೋ ಆ ಊರಿನ ಗ್ರಾಮಸಭೆಯಲ್ಲಿ ಅದರ ಫಲಿತಾಂಶ ಓದಿ ಹೇಳದೆ ಅವನ ಪ್ರಾಜೆಕ್ಟಿಗೆ ಅಂಕ ಕೊಡಬೇಡಿ. ಕನ್ನಡದಲ್ಲಿ ಎರಡು ಪುಟ ಸಾಕು. ಯಾವ ಬೋರು, ಎಷ್ಟು ಫ್ಲೋರೈಡ್, ಎಷ್ಟು ಮಕ್ಕಳ ಹಲ್ಲಿನಲ್ಲಿ ಕಲೆ, ಎಷ್ಟು ಹೆಣ್ಣುಮಕ್ಕಳ ರಕ್ತದ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆ, ಈಗ ಏನು ಮಾಡಬಹುದು. ಯಾರ ಹೆಸರೂ ಬೇಡ, ಯಾರ ಫೋಟೋನೂ ಬೇಡ. ಒಂದು ಪ್ರತಿ ಪಂಚಾಯ್ತಿಗೆ, ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಒಂದು ಶಾಲೆಗೆ. ರಕ್ತ ಪರೀಕ್ಷೆ ಮಾಡಿದ್ದರೆ ಆಕೆಯ ಫಲಿತಾಂಶ ಆಕೆಯ ಕೈಗೆ, ಅವತ್ತೇ. ಗ್ರಾಮಸಭೆಯಲ್ಲಿ ಓದುವಾಗ ಜನ ಪ್ರಶ್ನೆ ಕೇಳುತ್ತಾರೆ. ವೈವಾ ಅಂದರೆ ಅದೇ ಅಲ್ವಾ? "ನಮ್ಮನಿ ಬಿಟ್ಟು ಯಾಕ ಹೋದ್ರಿ?" ಅಂತ ಗುಳೆಯಿಂದ ಬಂದವನು ಕೇಳಿದರೆ ವಿದ್ಯಾರ್ಥಿಗೆ ಆ ಪಾಠ ಜೀವನಪೂರ್ತಿ ಮರೆಯುವುದಿಲ್ಲ.

ಫಾರ್ಮ್ ಮಾಡುವ ಮುಂಚೆ ಒಂದು ದಿನ ಊರಿಗೆ ಬನ್ನಿ. ಆಶಾ, ಅಂಗನವಾಡಿ ಕಾರ್ಯಕರ್ತೆ, ವಾಟರ್‌ಮನ್, ಇವರ ಜೊತೆ ಕೂತು ಪ್ರಶ್ನೆ ಬರೆಯಿರಿ. ಬೋರಿನ ವಾಲ್ವ್ ತಿರುಗಿಸುವ ಮನುಷ್ಯನಿಗೆ ಗೊತ್ತಿರುವಷ್ಟು ನಮ್ಮೂರ ನೀರಿನ ಬಗ್ಗೆ ಯಾವ ಎಂಜಿನಿಯರಿಗೂ ಗೊತ್ತಿಲ್ಲ. ನಿಮ್ಮ ವಿದ್ಯಾರ್ಥಿಗಳಲ್ಲೇ ಇದೇ ಜಿಲ್ಲೆಯ ಮಕ್ಕಳು ಬೇಕಾದಷ್ಟು ಜನ ಇದ್ದಾರೆ. ಪ್ರಶ್ನೆ ಅವರಿಂದ ಬರಲಿ. ಫಾರ್ಮಿನ ಕೊನೆಗೆ ಒಂದು ಖಾಲಿ ಪುಟ ಇಡಿ, ಅಂಚಿನಲ್ಲಿ ಬರೆಯುವವರು ಅಲ್ಲಿ ಬರೆಯಲಿ.

ಮುಂದಿನ ವರ್ಷದ ತಂಡವನ್ನೂ ಅದೇ ಊರಿಗೆ ಕಳಿಸಿ. ಈಗ ಪ್ರತಿ ಬ್ಯಾಚಿಗೂ ಹೊಸ ಊರು ಹುಡುಕುತ್ತಾರೆ. ಹಾಗಾಗಿ ಏನು ಬದಲಾಯಿತು ಅಂತ ಯಾರಿಗೂ ತಿಳಿಯುವುದಿಲ್ಲ. ಇವತ್ತು ಒಂದನೇ ತರಗತಿಯಲ್ಲಿರುವ ಮಕ್ಕಳ ಹಲ್ಲು ನೋಡಿ, ಐದು ವರ್ಷ ಬಿಟ್ಟು ಒಂದನೇ ತರಗತಿಗೆ ಬಂದ ಮಕ್ಕಳ ಹಲ್ಲು ನೋಡಿದರೆ ನೀರು ಸುಧಾರಿಸಿದೆಯೋ ಇಲ್ಲವೋ ಹಲ್ಲೇ ಹೇಳುತ್ತದೆ. ಎನ್‌ಎಸ್‌ಎಸ್ ಅಂದರೆ ರಾಷ್ಟ್ರೀಯ ಸೇವಾ ಯೋಜನೆ ಶುರುವಾದದ್ದು 1969ರಲ್ಲಿ. ವಿದ್ಯಾರ್ಥಿ ಎರಡು ವರ್ಷಕ್ಕೆ 240 ಗಂಟೆ ಸೇವೆ ಮಾಡಬೇಕು, ಏಳು ದಿನದ ಶಿಬಿರವೂ ಇದೆ, ದತ್ತು ಗ್ರಾಮದ ಪದ್ಧತಿಯೂ ಇದೆ. ಗುಡಿಯ ಮುಂದೆ ಕಸ ಗುಡಿಸುವುದು ಒಳ್ಳೆಯ ಕೆಲಸವೇ. ಅದರ ಜೊತೆ ನೀರಿನ ಅಳತೆ, ಮಕ್ಕಳ ತೂಕ, ಗೋಡೆಯ ಮೇಲೆ ಫಲಿತಾಂಶ ಬರೆಯುವುದೂ ಸೇರಲಿ. ಎಂಬಿಬಿಎಸ್ ಮಕ್ಕಳಿಗೆ ಈಗ ಹಳ್ಳಿಯ ಕೆಲವು ಮನೆಗಳ ಆರೋಗ್ಯ ಗಮನಿಸುವ ಕುಟುಂಬ ದತ್ತು ಕಾರ್ಯಕ್ರಮ ಇದೆ. ಮೆಡಿಕಲ್ ಕಾಲೇಜಿನವರೂ ನೀವೂ ಕೂಡಿ ಒಂದೇ ಊರು ಆರಿಸಿಕೊಂಡರೆ ಒಬ್ಬರ ಕೆಲಸ ಇನ್ನೊಬ್ಬರಿಗೆ ಆಸರೆಯಾಗುತ್ತದೆ.

ವಿದ್ಯಾರ್ಥಿಗಳ ಪರವಾಗಿಯೂ ಒಂದು ಮಾತು. ಆ ಹದಿನಾಲ್ಕು ಜನ ಬಸ್ಸಿನ ಖರ್ಚು ತಾವೇ ಹಾಕಿಕೊಂಡಿದ್ದರು. ಇಬ್ಬರಿಗೆ ಬಿಸಿಲು ಬಡಿದು ಜ್ವರ ಬಂತು. ಅವರು ಕೂಡಿಸಿದ ಮಾಹಿತಿಯಿಂದ ಯಾರಾದರೂ ಲೇಖನ ಬರೆದರೆ ಅದರಲ್ಲಿ ಅವರ ಹೆಸರು ಬರಬೇಕು. ಬಸ್ಸಿನ ಖರ್ಚು, ಊಟದ ಖರ್ಚು ಕೊಡಬೇಕು. ಹೊರಡುವ ಮುಂಚೆ ನಾಲ್ಕು ದಿನ ಸರಿಯಾಗಿ ಕಲಿಸಬೇಕು, ಫ್ಲೋರೈಡಿನ ಕಲೆಗೂ ಗುಟ್ಕಾದ ಕಲೆಗೂ ಏನು ವ್ಯತ್ಯಾಸ ಅನ್ನುವುದರಿಂದ ಹಿಡಿದು, ಅಜ್ಜಿಗೆ ಒಪ್ಪಿಗೆ ಪತ್ರ ಹೇಗೆ ಓದಿ ಹೇಳಬೇಕು ಅನ್ನುವ ತನಕ.

ಸಿಲಬಸ್ಸಿನಲ್ಲಿ ಸಮಯ ಇಲ್ಲ ಅಂತ ವಿಭಾಗದವರು ಹೇಳಬಹುದು. ಒಂದು ದಿನದ ಕೆಲಸ ಇದು. ಜನ ಹೆದರಿಕೊಳ್ಳುತ್ತಾರೆ ಅಂತಲೂ ಹೇಳಬಹುದು. ನಮ್ಮೂರ ಗೋಡೆಯ ಮೇಲೆ ಎಂಟು ಬೋರಿನ ಬಣ್ಣ ಬರೆದ ದಿನ ಯಾರೂ ಹೆದರಲಿಲ್ಲ. ಸಿಟ್ಟಾದರು, ಪಂಚಾಯ್ತಿಗೆ ಹೋದರು, ಕ್ಯಾನು ತರಿಸಿದರು. ಅಧಿಕಾರಿಗಳಿಗೆ ಬೇಸರವಾಗುತ್ತದೆ ಅನ್ನುವ ಮಾತೂ ಇದೆ. ಅದು ನಿಜ, ಆಗಬಹುದು. ಅಲ್ಲಿ ಮಾತ್ರ ಕುಲಪತಿಗಳಾದ ನೀವು ಮುಂದೆ ನಿಂತು ವಿದ್ಯಾರ್ಥಿಯನ್ನು ಕಾಯಬೇಕು. ಇಪ್ಪತ್ತೆರಡು ವರ್ಷದ ಹುಡುಗಿ ಒಬ್ಬಳೇ ನಿಂತು ಈ ನೀರು ಕುಡಿಯಬೇಡಿ ಅಂತ ಹೇಳಲು ಆಗುವುದಿಲ್ಲ. ಆಕೆಯ ಹಿಂದೆ ವಿಶ್ವವಿದ್ಯಾಲಯ ಇದೆ ಅಂತ ಗೊತ್ತಾದರೆ ಹೇಳುತ್ತಾಳೆ.

2025ರ ಶುರುವಿನಲ್ಲಿ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಬಂದಾಗ ಅದರಲ್ಲಿ ಕೊಪ್ಪಳದ ಹೆಸರೂ ಇತ್ತು. ನನಗೆ ಸಂಕಟವಾಯಿತು. ನಮ್ಮ ಹುಡುಗಿಯರು ಮನೆಯಿಂದ ಬಸ್ಸಿನಲ್ಲಿ ಹೋಗಿ ಎಂ.ಎ. ಮಾಡುವಂತಾದದ್ದು ಈಗಷ್ಟೇ. ಊರಲ್ಲಿ ಈ ಸುದ್ದಿ ಹೇಳಿದರೆ ಹೆಚ್ಚಿನವರಿಗೆ ಏನೂ ಅನಿಸಲಿಲ್ಲ. ಅದು ನಮ್ಮದು ಅಂತ ಅವರಿಗೆ ತೋರುವಂಥದ್ದು ಏನೂ ಅವರ ಮನೆಯ ತನಕ ಬಂದಿರಲಿಲ್ಲ. ಎರಡು ಪುಟದ ಕನ್ನಡ ವರದಿ ಬಂದಿದ್ದರೆ ಅವರೂ ನಮ್ಮ ಜೊತೆ ಬೀದಿಗೆ ಇಳಿಯುತ್ತಿದ್ದರು.

ಗುಳೆ ಹೋದವರು ಮುಂಗಾರು ಬಿತ್ತನೆಗೆ ವಾಪಸ್ ಬರುತ್ತಾರೆ. ಜೂನ್ ಎರಡನೇ ವಾರದ ಹೊತ್ತಿಗೆ ಬೀಗ ಹಾಕಿದ ಮನೆಗಳೆಲ್ಲಾ ತೆರೆದಿರುತ್ತವೆ. ಹೆಣ್ಣುಮಕ್ಕಳು ಮನೆಯಲ್ಲಿ ಸಿಗುವುದು ಬೆಳಿಗ್ಗೆ ಎಂಟರೊಳಗೆ, ಇಲ್ಲವೇ ಸಂಜೆ ಆರರ ಮೇಲೆ. ಅವತ್ತು ಶಾಲೆಯ ಕೋಣೆ ತೆಗೆದುಕೊಡುತ್ತೇನೆ, ರಾತ್ರಿ ಉಳಿಯಲು ಜಾಗ ಮಾಡಿಸುತ್ತೇನೆ. ಊಟದ ಚಿಂತೆ ಬೇಡ, ರೊಟ್ಟಿ ಪಲ್ಯ ಊರವರೇ ಕೊಡುತ್ತಾರೆ. ಪೆನ್ಸಿಲಿನಲ್ಲಿ ಬರೆದು ಅಳಿಸಿದ ಹುಡುಗಿ ಈಗ ಕುಷ್ಟಗಿಯಲ್ಲೇ ಕೆಲಸದಲ್ಲಿದ್ದಾಳೆ. ಕೇಳಿದ್ದೇನೆ, ರಜೆ ಹಾಕಿ ಬರುತ್ತೇನೆ ಅಂದಿದ್ದಾಳೆ. ನೀವು ಬರುವಾಗ ಹಳೆಯ ವರದಿಯ ಒಂದು ಪ್ರತಿ ಹುಡುಕಿ ತನ್ನಿ. ಅಜ್ಜಿಯ ಮನೆ ಅಗಸಿಯಿಂದ ಮೂರನೆಯದು. ಮೊದಲು ಅಲ್ಲಿಗೆ ಹೋಗೋಣ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ವಿಜ್ಞಾನ ಮಾಸ್ತರ್
ಕುಷ್ಟಗಿ ತಾಲ್ಲೂಕು, ಕೊಪ್ಪಳ ಜಿಲ್ಲೆ